ಆವೆಮಣ್ಣಿನ ಆಟಗಾರನಿಗೆ ಮಾತ್ರ ಏಕೆ ಈ ಪರೀಕ್ಷೆ?

ಟೆನಿಸ್ ಜಗತ್ತಿನಲ್ಲಿ ಒಂದು ವಿಚಿತ್ರ ರೂಢಿಯಿದೆ. ಪ್ಯಾರಿಸ್ಸಿನ ಕೆಂಪು ಆವೆಮಣ್ಣಿನ ಅಂಕಣದಲ್ಲಿ ಗೆದ್ದವನನ್ನು ಮೊದಲು ಹೊಗಳುತ್ತಾರೆ. ಮರುದಿನವೇ, ‘ಇರಲಿ, ಹುಲ್ಲಿನ ಮೇಲೆ ಏನು ಮಾಡುತ್ತಾನೆ ನೋಡೋಣ’ ಎನ್ನುತ್ತಾರೆ. ವಿಂಬಲ್ಡನ್‌ನಲ್ಲಿ ಗೆದ್ದವನಿಗೆ ಇಂತಹ ಪ್ರಶ್ನೆ ಇಷ್ಟು ನಿಷ್ಠುರವಾಗಿ ಎದುರಾಗುವುದಿಲ್ಲ. ಪೀಟ್ ಸಾಂಪ್ರಾಸ್ 14 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಅವುಗಳಲ್ಲಿ ಫ್ರೆಂಚ್ ಓಪನ್ ಒಂದೂ ಇಲ್ಲ. 1996ರಲ್ಲಿ ಸೆಮಿಫೈನಲ್ ತಲುಪಿದ್ದೇ ಅಲ್ಲಿ ಅವರ ಅತ್ಯುತ್ತಮ ಸಾಧನೆ. ಬೋರಿಸ್ ಬೆಕರ್ ವೃತ್ತಿಜೀವನದುದ್ದಕ್ಕೂ ಮಣ್ಣಿನ ಅಂಕಣದಲ್ಲಿ ಒಂದು ಸಿಂಗಲ್ಸ್ ಪ್ರಶಸ್ತಿಯನ್ನೂ ಗೆಲ್ಲಲಿಲ್ಲ. ಇಬ್ಬರನ್ನೂ ಯಾರೂ ‘ಹುಲ್ಲಿನ ಆಟಗಾರ’ ಎಂದು ಪಕ್ಕಕ್ಕೆ ಸರಿಸಲಿಲ್ಲ. ಆದರೆ 1995ರಲ್ಲಿ ಫ್ರೆಂಚ್ ಓಪನ್ ಗೆದ್ದು ಮರುವರ್ಷ ಅಗ್ರಶ್ರೇಯಾಂಕಕ್ಕೇರಿದ ಆಸ್ಟ್ರಿಯದ ಥಾಮಸ್ ಮುಸ್ಟರ್ ಅವರನ್ನು ಮಣ್ಣಿನ ಅಂಕಗಳಿಂದ ಮೇಲೆ ಬಂದವನೆಂದು ಸಹ ಆಟಗಾರರೇ ಮೂದಲಿಸಿದರು. 1997ರಲ್ಲಿ ಮಯಾಮಿಯ ಹಾರ್ಡ್ ಕೋರ್ಟ್‌ನಲ್ಲಿ ಗೆದ್ದರೂ ಆ ಮಾತು ಪೂರ್ತಿ ಅಳಿಯಲಿಲ್ಲ.

ಅಂಕಣ ಬದಲಾದರೆ ಬದಲಾಗುವುದೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮಣ್ಣಿನ ಅಂಕಣದಲ್ಲಿ ಘರ್ಷಣೆ ಹೆಚ್ಚು. ಚೆಂಡು ನೆಲಕ್ಕೆ ತಾಗಿದಾಗ ಮುಂದಿನ ವೇಗವನ್ನು ಕಳೆದುಕೊಂಡು ಎತ್ತರಕ್ಕೆ ಏಳುತ್ತದೆ. ಹೀಗಾಗಿ ಬಲವಾದ ಸರ್ವ್ ಒಂದರಿಂದಲೇ ಅಂಕ ದೊರೆಯುವುದು ಕಷ್ಟ. ಹೊಡೆದ ಚೆಂಡು ಮತ್ತೆ ಮತ್ತೆ ಮರಳಿ ಬರುತ್ತದೆ. ಕಾಲುಗಳು ಜಾರುತ್ತಲೇ ನಿಲ್ಲುವುದನ್ನು ಕಲಿಯಬೇಕು, ತಾಳ್ಮೆಯೂ ಉಸಿರೂ ಉಳಿಯಬೇಕು. ಹುಲ್ಲಿನ ಮೇಲೆ ಚೆಂಡು ಜಾರಿ ಮೊಣಕಾಲಿನ ಕೆಳಗೇ ಉಳಿಯುತ್ತದೆ. ಅಂಕವೊಂದು ಮೂರು ನಾಲ್ಕು ಹೊಡೆತಗಳಲ್ಲಿ ಮುಗಿದುಹೋಗಬಹುದು. ಹಾರ್ಡ್ ಕೋರ್ಟ್ ಇವೆರಡರ ನಡುವಿನದು. ಪುಟಿತ ನಂಬಬಹುದಾದದ್ದು, ಆದರೆ ಕೀಲುಗಳ ಮೇಲೆ ಅದರಷ್ಟು ಕ್ರೂರವಾದ ನೆಲ ಇನ್ನೊಂದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವವನು ಹೆಜ್ಜೆ, ಹಿಡಿತ, ಹೊಡೆತದ ಕಾಲ ಎಲ್ಲವನ್ನೂ ಬದಲಿಸಿಕೊಳ್ಳಬೇಕು. ಪ್ರಶ್ನೆ ಕೇಳುವುದು ತಪ್ಪಲ್ಲ. ಅದನ್ನು ಒಬ್ಬನಿಗೆ ಕೇಳಿ ಇನ್ನೊಬ್ಬನಿಗೆ ಕೇಳದಿರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ರಫೆಲ್ ನಡಾಲ್ ಅವರ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು. 2005ರಲ್ಲಿ ಅವರು ಮೊದಲ ಸಲ ಫ್ರೆಂಚ್ ಓಪನ್ ಗೆದ್ದಾಗ ಹತ್ತೊಂಬತ್ತರ ಹರೆಯ. ಅದೇ ವರ್ಷ ಮಾಂಟ್ರಿಯಲ್‌ನ ಹಾರ್ಡ್ ಕೋರ್ಟ್‌ನಲ್ಲಿ ಆಂಡ್ರೆ ಅಗಾಸಿಯವರನ್ನು, ಮ್ಯಾಡ್ರಿಡ್‌ನ ಒಳಾಂಗಣದಲ್ಲಿ ಇವಾನ್ ಲುಬಿಸಿಚ್ ಅವರನ್ನು ಫೈನಲ್‌ನಲ್ಲಿ ಸೋಲಿಸಿದ್ದರು. ಆದರೂ ‘ಮಣ್ಣಿನ ರಾಜ’ ಎಂಬ ಬಿರುದಿನಲ್ಲಿ ಅಡಗಿದ್ದ ಕಿರಿದುಗೊಳಿಸುವ ಅರ್ಥ ಮಾಯವಾಗಲು 2008ರ ವಿಂಬಲ್ಡನ್ ಫೈನಲ್ ಬರಬೇಕಾಯಿತು. 2006 ಮತ್ತು 2007ರಲ್ಲಿ ಅದೇ ಅಂಕಣದಲ್ಲಿ ರೋಜರ್ ಫೆಡರರ್ ಎದುರು ಸೋತಿದ್ದ ನಡಾಲ್, ನಾಲ್ಕು ತಾಸು 48 ನಿಮಿಷಗಳ ಆಟದ ಬಳಿಕ ಐದನೇ ಸೆಟ್ ಅನ್ನು 9-7ರಿಂದ ಗೆದ್ದಾಗ ಲಂಡನ್ನಿನಲ್ಲಿ ಕತ್ತಲಾಗುತ್ತಿತ್ತು. 2024ರಲ್ಲಿ ನಿವೃತ್ತರಾದಾಗ ಅವರ 22 ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಎಂಟು ಪ್ಯಾರಿಸ್ಸಿನ ಹೊರಗಿನವು. ಎಂಟು ಎಂದರೆ ಬೇರೆಯವರಿಗೆ ಒಂದು ಪೂರ್ಣ ವೃತ್ತಿಜೀವನ.

ನಮ್ಮ ಕರ್ನಾಟಕದಲ್ಲೂ ಇಂತಹ ಕಥೆ ಇದೆ. ಅದನ್ನು ನಾವು ಈ ದೃಷ್ಟಿಯಿಂದ ನೋಡಿಲ್ಲ, ಅಷ್ಟೇ.

ಕೊಡಗಿನ ರೋಹನ್ ಬೋಪಣ್ಣ ತಮ್ಮ ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಯನ್ನು ಗೆದ್ದಿದ್ದು ಆವೆಮಣ್ಣಿನ ಮೇಲೆ. 2017ರ ಜೂನ್‌ನಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್ಸ್ಕಿ ಜೊತೆಗೂಡಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಮೊದಲ ಸೆಟ್ ಕಳೆದುಕೊಂಡು, ಎರಡು ಮ್ಯಾಚ್ ಪಾಯಿಂಟ್‌ಗಳನ್ನು ಉಳಿಸಿಕೊಂಡು, 2-6, 6-2, 12-10ರಿಂದ ಗೆದ್ದರು. ಅದಕ್ಕೂ ಕೆಲವೇ ವಾರಗಳ ಮುಂಚೆ ಪಾಬ್ಲೊ ಕ್ಯುವಾಸ್ ಜೊತೆ ಮಾಂಟೆ ಕಾರ್ಲೊ ಮಾಸ್ಟರ್ಸ್ ಗೆದ್ದಿದ್ದರು. 2015ರಲ್ಲಿ ಫ್ಲೋರಿನ್ ಮೆರ್ಜಿಯಾ ಜೊತೆ ಮ್ಯಾಡ್ರಿಡ್ ಮಾಸ್ಟರ್ಸ್ ಗೆದ್ದಿದ್ದರು. ಎಲ್ಲವೂ ಮಣ್ಣಿನ ಅಂಕಣಗಳೇ. ಎತ್ತರದ ಮೈಕಟ್ಟು, ಬಿರುಸಾದ ಸರ್ವ್ ಉಳ್ಳ ಆಟಗಾರನಿಗೆ ನಿಧಾನಗತಿಯ ನೆಲ ಒಲಿದದ್ದು ಸ್ವಲ್ಪ ತಮಾಷೆಯ ವಿಷಯವೇ. ಪುಸ್ತಕದ ಲೆಕ್ಕದಲ್ಲಿ ಆತ ಹುಲ್ಲಿನ ಆಟಗಾರನಾಗಬೇಕಿತ್ತು.

ಹಾಗೆಂದು ಬೇರೆ ಅಂಕಣಗಳಲ್ಲಿ ಅವರು ಏನೂ ಮಾಡಿರಲಿಲ್ಲವೇ? 2010ರಲ್ಲಿಯೇ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿ, ಬ್ರಯಾನ್ ಸೋದರರ ಎದುರು ಎರಡೂ ಸೆಟ್‌ಗಳನ್ನು ಟೈಬ್ರೇಕ್‌ನಲ್ಲಿ ಸೋತಿದ್ದರು. ವಿಂಬಲ್ಡನ್‌ನಲ್ಲಿ 2013, 2015 ಮತ್ತು 2023ರಲ್ಲಿ ಸೆಮಿಫೈನಲ್. 2018 ಮತ್ತು 2023ರ ಆಸ್ಟ್ರೇಲಿಯ ಓಪನ್‌ಗಳಲ್ಲಿ ಮಿಶ್ರ ಡಬಲ್ಸ್ ಫೈನಲ್. ಎರಡನೆಯದು ಸಾನಿಯಾ ಮಿರ್ಜಾ ಅವರ ಕೊನೆಯ ಗ್ರ್ಯಾಂಡ್ ಸ್ಲಾಮ್. 2023ರಲ್ಲಿ ಮತ್ತೊಮ್ಮೆ ಅಮೆರಿಕ ಓಪನ್ ಫೈನಲ್. ಪ್ರತಿ ಬಾರಿಯೂ ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಎರಡು ಟೈಬ್ರೇಕ್‌ಗಳಲ್ಲಿ ನಾಲ್ಕಾರು ಅಂಕಗಳು ಆಚೀಚೆ ಆಗಿದ್ದರೆ ಅವರನ್ನು ‘ಹಾರ್ಡ್ ಕೋರ್ಟ್ ಚಾಂಪಿಯನ್’ ಎನ್ನುತ್ತಿದ್ದೆವು. ಮನುಷ್ಯನಿಗೆ ನಾವು ಹಚ್ಚುವ ಚೀಟಿ ಅವನ ಸಾಮರ್ಥ್ಯದಿಂದಲ್ಲ, ದಾಖಲೆ ಪುಸ್ತಕದ ಒಂದು ಸಾಲಿನಿಂದ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆ ಸಾಲನ್ನು ಬದಲಿಸಲು ಅವರು ತೆತ್ತ ಬೆಲೆ ದೊಡ್ಡದು. ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿತ್ತು. ದಿನಕ್ಕೆ ಎರಡು ಮೂರು ನೋವು ನಿವಾರಕ ಗುಳಿಗೆ ನುಂಗಿ ಆಡುತ್ತಿದ್ದ ಕಾಲವೊಂದಿತ್ತು. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲಲಾಗದೆ ಆಟ ನಿಲ್ಲಿಸುವ ಯೋಚನೆ ಮಾಡಿದ್ದುಂಟು ಎಂದು ಅವರೇ ಹೇಳಿಕೊಂಡಿದ್ದಾರೆ. ಕೊರೊನಾ ದಿನಗಳಲ್ಲಿ ಬೆಂಗಳೂರಿನಲ್ಲಿ ಅಯ್ಯಂಗಾರ್ ಯೋಗ ಕಲಿಯತೊಡಗಿದ್ದು ಕಾಲುಗಳಿಗೆ ಮರುಜೀವ ಕೊಟ್ಟಿತು. 2023ರ ಇಂಡಿಯನ್ ವೆಲ್ಸ್ ಪ್ರಶಸ್ತಿ, ಅಲ್ಲಿಂದ 2024ರ ಜನವರಿ 27ರಂದು ಮೆಲ್ಬರ್ನ್. ಮ್ಯಾಥ್ಯೂ ಎಬ್ಡೆನ್ ಜೊತೆಗೆ ಇಟಲಿಯ ಬೊಲೆಲ್ಲಿ–ವವಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿದಾಗ ಬೋಪಣ್ಣ ಅವರಿಗೆ 43 ವರ್ಷ. ಮುಕ್ತ ಯುಗದಲ್ಲಿ ಪುರುಷರ ಗ್ರ್ಯಾಂಡ್ ಸ್ಲಾಮ್ ಡಬಲ್ಸ್ ಗೆದ್ದ ಅತ್ಯಂತ ಹಿರಿಯ ಆಟಗಾರ. ಅದೇ ಟೂರ್ನಿಯಲ್ಲಿ ಮೊದಲ ಬಾರಿಗೆ ಡಬಲ್ಸ್ ಅಗ್ರಶ್ರೇಯಾಂಕವೂ ಖಚಿತವಾಯಿತು. ಮೊಣಕಾಲಿಗೆ ಅತಿ ಹೆಚ್ಚು ಪೆಟ್ಟು ಕೊಡುವ ನೆಲದಲ್ಲಿಯೇ, ಮೊಣಕಾಲು ಸವೆದ ಮನುಷ್ಯ ಗೆದ್ದದ್ದು. 2025ರ ನವೆಂಬರ್ 1ರಂದು ಅವರು ವಿದಾಯ ಘೋಷಿಸಿದರು.

‘ಡಬಲ್ಸ್ ತಾನೇ’ ಎಂದು ಮೂಗು ಮುರಿಯುವವರಿದ್ದಾರೆ. ಅದು ಇನ್ನೊಂದು ಬಗೆಯ ಚೀಟಿ. ಅಂಕಣದ ಅರ್ಧ ಭಾಗವನ್ನೇ ಕಾಯಬೇಕಾದರೂ, ಎದುರಿನಿಂದ ಇಬ್ಬರು ಬಲೆಯ ಹತ್ತಿರ ನಿಂತು ಹೊಡೆಯುವ ಚೆಂಡಿಗೆ ಉತ್ತರಿಸಲು ದೊರೆಯುವ ಕಾಲ ಎಷ್ಟು ಕಡಿಮೆ ಎಂಬುದನ್ನು ಒಮ್ಮೆ ಅಂಕಣದ ಬದಿಯಲ್ಲಿ ನಿಂತು ನೋಡಿದವರು ಆ ಮಾತನ್ನಾಡಲಾರರು.

ಬೋಪಣ್ಣ ಅವರಿಗಿಂತ ಮೊದಲು ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮಹೇಶ್ ಭೂಪತಿ ಈ ದಾರಿಯಲ್ಲಿ ನಡೆದಿದ್ದರು. ಭಾರತೀಯನೊಬ್ಬನಿಗೆ ದೊರೆತ ಮೊಟ್ಟಮೊದಲ ಗ್ರ್ಯಾಂಡ್ ಸ್ಲಾಮ್ ಕಿರೀಟ 1997ರಲ್ಲಿ ಪ್ಯಾರಿಸ್ಸಿನ ಮಣ್ಣಿನಲ್ಲಿ, ಜಪಾನಿನ ರಿಕಾ ಹಿರಾಕಿ ಜೊತೆ ಅವರು ಗೆದ್ದದ್ದು. ಎರಡೇ ವರ್ಷಗಳಲ್ಲಿ ಲಿಯಾಂಡರ್ ಪೇಸ್ ಜೊತೆ ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಎರಡನ್ನೂ ಒಂದೇ ಬೇಸಿಗೆಯಲ್ಲಿ ಗೆದ್ದರು. 2006ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ಆಸ್ಟ್ರೇಲಿಯ ಓಪನ್ ಗೆಲ್ಲುವ ವೇಳೆಗೆ ಮಿಶ್ರ ಡಬಲ್ಸ್‌ನ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳು ಅವರವಾಗಿದ್ದವು.

ಇನ್ನು ದೇಶದ ಮಟ್ಟಕ್ಕೆ ಬಂದರೆ ಅಂಕಣದ ಆಯ್ಕೆ ಒಂದು ಆಯುಧವೇ ಸರಿ. 1987ರಲ್ಲಿ ಸಿಡ್ನಿಯ ಹುಲ್ಲಿನ ಮೇಲೆ ಆಸ್ಟ್ರೇಲಿಯವನ್ನು ಸೋಲಿಸಿ ಡೇವಿಸ್ ಕಪ್ ಫೈನಲ್‌ಗೆ ಬಂದ ಭಾರತವನ್ನು ಸ್ವೀಡನ್, ಗೋಥೆನ್‌ಬರ್ಗ್‌ನ ಒಳಾಂಗಣದಲ್ಲಿ ಆವೆಮಣ್ಣು ಹಾಸಿ ಬರಮಾಡಿಕೊಂಡಿತು. ಫಲಿತಾಂಶ 5-0. ಆದರೆ 1993ರಲ್ಲಿ ಇದೇ ಲೆಕ್ಕಾಚಾರ ತಲೆಕೆಳಗಾಯಿತು. ಫ್ರೇಜುಸ್‌ನಲ್ಲಿ ಫ್ರಾನ್ಸ್ ತಂಡವನ್ನು ಅದರದೇ ಮಣ್ಣಿನಲ್ಲಿ ರಮೇಶ್ ಕೃಷ್ಣನ್ ಮತ್ತು ಪೇಸ್ 3-2ರಿಂದ ಕೆಡವಿದರು. ಮುಂದಿನ ಪಂದ್ಯದಲ್ಲಿ ಚಂಡೀಗಢದ ನಮ್ಮದೇ ಹುಲ್ಲಿನ ಮೇಲೆ ಆಸ್ಟ್ರೇಲಿಯಕ್ಕೆ 0-5ರಿಂದ ಶರಣಾದೆವು. ನೆಲವನ್ನು ನಂಬಿ ಜಾತಕ ಬರೆಯುವವರಿಗೆ ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಓದಿಸಬೇಕು.

ಚಿಂಚೋಳಿಗೆ ಅಂಟಿಕೊಂಡಿರುವ ಚಂದಾಪುರದಲ್ಲಿ ಕುಳಿತು ಪ್ಯಾರಿಸ್ಸಿನ ಮಣ್ಣಿನ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ಕೇಳಬಹುದು. ಇದೆ. ರೋಲಾಂ ಗ್ಯಾರೋ ಅಂಕಣ ಮೇಲೆ ಕೆಂಪಗೆ ಕಾಣುತ್ತದೆ. ಆ ಕೆಂಪು ಪುಡಿಮಾಡಿದ ಇಟ್ಟಿಗೆಯ ಒಂದೆರಡು ಮಿಲಿಮೀಟರ್ ಪದರ ಮಾತ್ರ. ಅದರ ಕೆಳಗಿರುವುದು ಪುಡಿಮಾಡಿ ಕುಟ್ಟಿ ಕೂರಿಸಿದ ಬಿಳಿ ಸುಣ್ಣದಕಲ್ಲು, ಅದರ ಕೆಳಗೆ ಕಲ್ಲಿದ್ದಲಿನ ಕಿಟ್ಟ, ಮತ್ತೂ ಕೆಳಗೆ ಜಲ್ಲಿ ಮತ್ತು ದಪ್ಪ ಕಲ್ಲು. ನೀರನ್ನು ಹಿಡಿದಿಟ್ಟುಕೊಂಡು ಅಂಕಣಕ್ಕೆ ಆ ಗುಣ ಕೊಡುವುದು ಸುಣ್ಣದಕಲ್ಲಿನ ಪದರವೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ನೆಲದಡಿ ಇರುವುದೇ ಸುಣ್ಣದಕಲ್ಲು. ನಮ್ಮ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಅದರ ಮೇಲೆ. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹೋದ ಪರಸಿ ಶಹಾಬಾದಿನದು. ಚಿಂಚೋಳಿಯ ಗುಡ್ಡಗಳ ಕಡೆ ಜಂಬಿಟ್ಟಿಗೆಯ ಕೆಂಪು ಮಣ್ಣಿದೆ. ಇಟ್ಟಿಗೆ ಭಟ್ಟಿಗಳಿಗೆ ಎಲ್ಲಿಯೂ ಕೊರತೆಯಿಲ್ಲ. ತೊಗರಿ ಬೆಳೆಯುವ ಎರೆಭೂಮಿ ಮಾತ್ರ ಇದಕ್ಕೆ ಆಗದು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲದ ಮೇಲೆ ಯಾವ ಅಂಕಣವೂ ಸಮನಾಗಿ ನಿಲ್ಲದು. ಅದನ್ನು ಅಗೆದು ತೆಗೆದು ಜಲ್ಲಿ ತುಂಬಬೇಕು. ಅಂದರೆ ಪ್ಯಾರಿಸ್ಸಿನ ಅಂಕಣದ ಸಾಮಗ್ರಿ ನಮ್ಮ ಕಾಲಡಿಯಲ್ಲೇ ಬಿದ್ದಿದೆ, ನಾವು ಅದನ್ನು ಚೀಲಕ್ಕೆ ತುಂಬಿ ಹೊರಗೆ ಕಳಿಸುತ್ತಿದ್ದೇವೆ.

2023ರ ಕೊನೆಯಲ್ಲಿ ಕಲಬುರಗಿಯಲ್ಲಿ ಪುರುಷರ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿ ಹಾರ್ಡ್ ಕೋರ್ಟ್‌ನಲ್ಲಿ ನಡೆಯಿತು. ಗೆದ್ದವರು ರಾಮ್‌ಕುಮಾರ್ ರಾಮನಾಥನ್. 2018ರಲ್ಲಿ ನ್ಯೂಪೋರ್ಟ್‌ನ ಹುಲ್ಲಿನ ಮೇಲೆ ಎಟಿಪಿ ಫೈನಲ್ ತಲುಪಿದವರು. ಟೂರ್ನಿಯನ್ನು ಇಲ್ಲಿಗೆ ತಂದವರ ಶ್ರಮವನ್ನು ನಾನು ಮೆಚ್ಚುತ್ತೇನೆ. ಆದರೆ ಟೂರ್ನಿ ವಾರದಲ್ಲಿ ಮುಗಿಯುತ್ತದೆ, ಮಕ್ಕಳು ವರ್ಷವಿಡೀ ಆಡಬೇಕು. ಹತ್ತು ಹನ್ನೆರಡು ವರ್ಷದ ಮಗುವಿನ ಮೊಣಕಾಲನ್ನು ಸಿಮೆಂಟಿನ ಮೇಲೆ ದಿನಕ್ಕೆ ಮೂರು ತಾಸು ಓಡಿಸುವುದು ಎಷ್ಟು ವಿವೇಕದ ಕೆಲಸ ಎಂಬುದನ್ನು ಬೋಪಣ್ಣ ಅವರ ಮೊಣಕಾಲುಗಳ ಕಥೆ ಓದಿದವರು ಯೋಚಿಸಬೇಕು. ಸ್ಪೇನ್ ದೇಶ ತನ್ನ ಮಕ್ಕಳನ್ನು ಮಣ್ಣಿನ ಮೇಲೆ ಬೆಳೆಸುತ್ತದೆ. ಅಲ್ಲಿ ಚೆಂಡನ್ನು ಮತ್ತೆ ಮತ್ತೆ ಮರಳಿಸಲು ಕಲಿತ ಹುಡುಗ ಮುಂದೆ ಬೇಗ ಮುಗಿಸುವುದನ್ನೂ ಕಲಿಯಬಲ್ಲ. ತಿರುವುಮುರುವಾಗಿ ಕಲಿಯುವುದು ಕಷ್ಟ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ‘ಬೇರೆ ಅಂಕಣದಲ್ಲಿ ತೋರಿಸು’ ಎಂಬ ಸವಾಲು ನಮ್ಮ ಭಾಗದ ಯುವಕರಿಗೆ ಹೊಸದಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ದೊರೆತ 371(ಜೆ) ಸೌಲಭ್ಯದಡಿ ಸೀಟು ಅಥವಾ ನೌಕರಿ ಪಡೆದವರನ್ನು ಬೆಂಗಳೂರಿನಲ್ಲಿ ನೋಡುವ ಕಣ್ಣು ಮುಸ್ಟರ್ ಅವರನ್ನು ನೋಡಿದ ಕಣ್ಣೇ. ಸೇಡಂನ ಕನ್ನಡ ಶಾಲೆಯಲ್ಲಿ ಓದಿದವಳು ರಾಜಧಾನಿಯಲ್ಲಿ ತನ್ನನ್ನು ಸಾಬೀತುಪಡಿಸಬೇಕು. ರಾಜಧಾನಿಯಲ್ಲಿ ಓದಿದವನು ಚಿತ್ತಾಪುರದ ಬಿಸಿಲಿನಲ್ಲಿ, ಇಲ್ಲಿನ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಮೂರು ವರ್ಷ ದುಡಿದು ಸಾಬೀತುಪಡಿಸಲಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದಕ್ಕೆ ಶಿಕ್ಷೆಯ ವರ್ಗಾವಣೆ ಎಂದು ಹೆಸರು.

ಟೆನಿಸ್‌ಗೆ ಮರಳೋಣ. ಮಣ್ಣಿನ ಅಂಕಣ ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟ ಎಂಬ ಆಕ್ಷೇಪಣೆ ನಿಜವಾದದ್ದು. ಪ್ರತಿದಿನ ನೀರು ಚಿಮುಕಿಸಬೇಕು, ಬಲೆ ಎಳೆದು ಸಮ ಮಾಡಬೇಕು, ಗೆರೆಗಳನ್ನು ಗುಡಿಸಬೇಕು, ಆಗಾಗ ರೋಲರ್ ಉರುಳಿಸಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ಸರದಿ ನಿಲ್ಲುವ ಊರುಗಳಲ್ಲಿ ಅಂಕಣಕ್ಕೆ ನೀರು ಹಾಕಿರೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಕಾರ್ಖಾನೆಗಳ ವಸತಿ ಕಾಲೊನಿಗಳಲ್ಲಿ ಉದ್ಯಾನಗಳಿಗೆ ಶುದ್ಧೀಕರಿಸಿದ ಬಳಕೆ ನೀರನ್ನು ಹರಿಸಲು ಸಾಧ್ಯವಾದರೆ ಅಂಕಣಕ್ಕೂ ಸಾಧ್ಯ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವಿದೆ, ಸುಣ್ಣದಕಲ್ಲು ಅವರದೇ ಗಣಿಯಲ್ಲಿದೆ. ಸೇಡಂನಲ್ಲೊಂದು, ವಾಡಿಯಲ್ಲೊಂದು ಅಂಕಣ ಕಟ್ಟಿ, ಕಾಲೊನಿಯ ಗೇಟನ್ನು ಸಂಜೆ ನಾಲ್ಕರಿಂದ ಆರರವರೆಗೆ ಸುತ್ತಲಿನ ಸರ್ಕಾರಿ ಶಾಲೆಯ ಮಕ್ಕಳಿಗೆ ತೆರೆದಿಡಲು ಜಿಲ್ಲಾಡಳಿತ ಒಂದು ಸಭೆ ಕರೆಯಬಹುದು. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ, ನೀರಿನ ನೆಪವೂ ಇರುವುದಿಲ್ಲ.