ಕಾವಡಿಯಲ್ಲ, ರ‍್ಯಾಂಪು ಬೇಕು

ನನ್ನ ತಾಯಿಗೆ ಪಾರ್ಶ್ವವಾಯುವಾದ ಮೇಲೆ ಸುಮಾರು ಎರಡು ವರ್ಷ ನಾನು ಅವರನ್ನು ಗಾಲಿಕುರ್ಚಿಯಿಂದ ಎತ್ತಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದೆ. ಕುರ್ಚಿಯನ್ನು ಮಡಿಚಿ ಡಿಕ್ಕಿಗೆ ತುಂಬುತ್ತಿದ್ದೆ. ಫ್ರೀಮಾಂಟಿನ ನಮ್ಮ ಮನೆಯಿಂದ ಎಲ್ಲಿಗೆ ಹೋಗಿ ಬರುವುದಿದ್ದರೂ ನಾಲ್ಕು ಸಲ ಎತ್ತಬೇಕು. ಒಂದು ಯುಗಾದಿಯ ಕಾರ್ಯಕ್ರಮದ ದಿನ, ವಾಹನ ನಿಲ್ಲಿಸುವ ಬಯಲಿನಲ್ಲಿ ಇದನ್ನು ನೋಡಿದ ಹಿರಿಯರೊಬ್ಬರು, "ಸಾಕ್ಷಾತ್ ಶ್ರವಣಕುಮಾರ ಕಣಯ್ಯಾ ನೀನು" ಎಂದು ಬೆನ್ನು ತಟ್ಟಿದರು. ನಾನು ಒಳಗೊಳಗೇ ಉಬ್ಬಿದೆ. ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಅಮ್ಮ ಮನೆಗೆ ಮರಳುವಾಗ ಹೇಳಿದ್ದು ಇಷ್ಟೇ: "ಹೊತ್ತವನನ್ನ ಎಲ್ರೂ ಹೊಗಳಿದ್ರು. ಹೊರಿಸ್ಕೊಂಡವಳನ್ನ ಯಾರೂ ಮಾತಾಡಿಸ್ಲಿಲ್ಲ ನೋಡು."

ಅದಾದ ಕೆಲವೇ ವಾರಗಳಲ್ಲಿ ನನ್ನ ಸೊಂಟ ಹಿಡಿಯಿತು. ಏನನ್ನೂ ಎತ್ತಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಮುಂದಿನ ಏಳು ವಾರ ಅಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಆಗ ಶ್ರವಣಕುಮಾರನ ಕತೆ ನನಗೆ ಬೇರೆಯದೇ ರೀತಿಯಲ್ಲಿ ಅರ್ಥವಾಯಿತು. ದಶರಥನ ಬಾಣ ತಗುಲಿದ್ದು ಒಬ್ಬನಿಗೆ, ಸತ್ತವರು ಮೂವರು. ತಂದೆತಾಯಿಗಳ ಇಡೀ ಲೋಕ ಒಬ್ಬ ಮಗನ ಹೆಗಲ ಮೇಲೆ ತೂಗುತ್ತಿದ್ದರೆ ಆ ಹೆಗಲು ಕುಸಿದಾಗ ಆಗುವುದೇ ಅದು. ನಾವು ಆ ಕತೆಯನ್ನು ಪಿತೃಭಕ್ತಿಯ ಪಾಠವಾಗಿ ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಅದು ವ್ಯವಸ್ಥೆಯಿಲ್ಲದ ಸಮಾಜವೊಂದರ ದುರಂತವೂ ಹೌದು ಎಂಬುದನ್ನು ಹೇಳಿಲ್ಲ.

ಕೊನೆಗೆ ನಾವೊಂದು ಬಳಸಿದ ಮಿನಿವ್ಯಾನನ್ನು, ಆಗಲೇ ಗಾಲಿಕುರ್ಚಿಗೆ ಹೊಂದುವಂತೆ ಪರಿವರ್ತಿಸಿದ್ದನ್ನು, ಸಾಲ ಮಾಡಿ ಕೊಂಡೆವು. ಈ ಪರಿವರ್ತನೆ ಎಂದರೆ ಏನೆಂದು ನನಗೂ ಮೊದಲು ತಿಳಿದಿರಲಿಲ್ಲ. ಬಾಗಿಲಿಗೆ ಒಂದು ಹಲಗೆ ಆನಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಕುರ್ಚಿಯಲ್ಲಿ ಕುಳಿತವರ ತಲೆ ಬಾಗಿಲ ಚೌಕಟ್ಟಿಗೆ ಬಡಿಯದಿರಬೇಕಾದರೆ ವಾಹನದ ತಳವನ್ನೇ ಕತ್ತರಿಸಿ, ಹತ್ತಕ್ಕೂ ಹೆಚ್ಚು ಅಂಗುಲ ಕೆಳಗಿಳಿಸಿ, ಹೊಸ ತಳ ಬೆಸೆಯಬೇಕು. ಹೊಗೆಕೊಳವೆ, ಇಂಧನದ ಟ್ಯಾಂಕು, ಬ್ರೇಕಿನ ನಳಿಕೆಗಳು ಜಾಗ ಬದಲಿಸಬೇಕಾಗುತ್ತದೆ. ಗುಂಡಿ ಒತ್ತಿದರೆ ಪಕ್ಕದ ಬಾಗಿಲು ಸರಿದು, ಆ ಬದಿ ಸ್ವಲ್ಪ ಬಾಗಿ, ರ‍್ಯಾಂಪು ಚಾಚಿಕೊಳ್ಳುತ್ತದೆ. ಒಳಗೆ ನಾಲ್ಕು ಪಟ್ಟಿಗಳು ಕುರ್ಚಿಯನ್ನು ನೆಲಕ್ಕೆ ಬಿಗಿಯುತ್ತವೆ. ಕೂತವರಿಗೆ ಬೇರೆಯದೇ ಬೆಲ್ಟು. ಮೊದಲ ದಿನ ಅಮ್ಮ ತಮ್ಮ ವಿದ್ಯುತ್ ಕುರ್ಚಿಯ ಕಡ್ಡಿಯನ್ನು ತಾವೇ ಒತ್ತಿ, ಎರಡು ಸಲ ಹಿಂದೆ ಮುಂದೆ ಸರಿದು, ಮೂರನೆಯ ಸಲಕ್ಕೆ ಮೇಲೇರಿದರು. ನಾನು ಕೈ ಚಾಚಿದಾಗ, "ಮುಟ್ಟಬೇಡ" ಎಂದರು.

ಇದು ಒಂದು ಕುಟುಂಬದ ಸುಖಾಂತ್ಯವಾಗಿ ಮುಗಿಯಬಾರದೆಂದೇ ಈ ಲೇಖನ. ಯಾಕೆಂದರೆ ಆ 'ಮುಟ್ಟಬೇಡ' ಎಂಬ ಮಾತಿಗೆ ನಾವು ತೆತ್ತ ಬೆಲೆ ಬಹಳ ದೊಡ್ಡದು. ವ್ಯಾನಿನ ಬೆಲೆ ಬಿಟ್ಟು ಬರೀ ಪರಿವರ್ತನೆಗೇ ಇಪ್ಪತ್ತು ಮೂವತ್ತು ಸಾವಿರ ಡಾಲರ್ ಆಗುತ್ತದೆ, ಅದಕ್ಕೂ ಮೀರಬಹುದು. ಮೆಡಿಕೇರ್ ಈ ಖರ್ಚನ್ನು ಕೊಡುವುದಿಲ್ಲ. ಗಾಲಿಕುರ್ಚಿಯನ್ನಾದರೂ ಅದು ಕೊಡುವುದು ಮನೆಯೊಳಗಿನ ಓಡಾಟಕ್ಕೆ ಅಗತ್ಯವೆಂದು ಸಾಬೀತಾದರೆ ಮಾತ್ರ. ಮನುಷ್ಯನ ಅಗತ್ಯ ಹೊಸ್ತಿಲಿಗೆ ಮುಗಿಯುತ್ತದೆ ಎಂಬುದು ಆ ನಿಯಮದ ತಾತ್ಪರ್ಯ. ಕೆಲಸಕ್ಕೆ ಹೋಗುವವರಾದರೆ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ನೆರವಾಗಬಹುದು. ಸೇನೆಯಲ್ಲಿದ್ದು ಗಾಯಗೊಂಡವರಿಗೆ ಮಾಜಿ ಸೈನಿಕರ ಇಲಾಖೆಯ ಅನುದಾನವಿದೆ. ದುಡಿಮೆಗೆ ಹೋಗುವ, ಯುದ್ಧಕ್ಕೆ ಹೋಗಿ ಬಂದ ದೇಹಕ್ಕೆ ದಾರಿಯುಂಟು. ಗ್ರಂಥಾಲಯಕ್ಕೆ, ಗೆಳತಿಯ ಮನೆಗೆ, ಒಂದು ಕವಿಗೋಷ್ಠಿಗೆ ಹೋಗಬಯಸುವ ಮುದುಕಿಗೆ ಇಲ್ಲ.

ಈ ನೆಲದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ ಎಂಬುದು ನೋವಿನ ಸಂಗತಿ. ಪೋಲಿಯೋದಿಂದ ಕುತ್ತಿಗೆಯ ಕೆಳಗೆ ಚಲನೆ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯ ಸೇರಿದಾಗ ಅವರಿಗೆ ವಾಸಕ್ಕೆ ಸಿಕ್ಕಿದ್ದು ಆವರಣದ ಕೋವೆಲ್ ಆಸ್ಪತ್ರೆಯ ಕೋಣೆ. ಅಲ್ಲಿ ಅವರ ಜೊತೆಗೂಡಿದ ವಿದ್ಯಾರ್ಥಿಗಳ ಚಳವಳಿಯಿಂದ 1972ರಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಹುಟ್ಟಿತು. ಆ ಕೇಂದ್ರ ಕರಪತ್ರ ಹಂಚಿ ಸುಮ್ಮನಾಗಲಿಲ್ಲ. ಗಾಲಿಕುರ್ಚಿ ರಿಪೇರಿ ಮಾಡಿತು, ಸಹಾಯಕರನ್ನು ಹುಡುಕಿಕೊಟ್ಟಿತು, ವ್ಯಾನುಗಳನ್ನು ಪರಿವರ್ತಿಸಿಕೊಟ್ಟಿತು. ಅವರ ರಾಜಕಾರಣಕ್ಕೆ ಗ್ಯಾರೇಜಿನ ಗ್ರೀಸು ಮೆತ್ತಿತ್ತು. ಅತ್ತ ಇಂಡಿಯಾನಾದಲ್ಲಿ, ಸ್ವತಃ ಸ್ನಾಯುಕ್ಷಯದಿಂದ ನಡೆಯಲಾರದ ರಾಲ್ಫ್ ಬ್ರಾನ್ ಹಳೆಯ ಅಂಚೆ ಜೀಪೊಂದಕ್ಕೆ ಲಿಫ್ಟು ಕೂರಿಸಿ ತಾವೇ ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಈ ತಂತ್ರಜ್ಞಾನ ಹುಟ್ಟಿದ್ದು ಯಾರದೋ ಕನಿಕರದಿಂದಲ್ಲ, ಅದು ಬೇಕಾಗಿದ್ದವರ ಕೈಯಲ್ಲೇ.

1977ರ ಏಪ್ರಿಲಿನಲ್ಲಿ, ಪುನರ್ವಸತಿ ಕಾಯ್ದೆಯ 504ನೇ ಸೆಕ್ಷನ್ನಿನ ನಿಯಮಗಳಿಗೆ ಸಹಿ ಹಾಕದೆ ಸರ್ಕಾರ ಸತಾಯಿಸುತ್ತಿದ್ದಾಗ, ನೂರಕ್ಕೂ ಹೆಚ್ಚು ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಟ್ಟಡವನ್ನು ಹೊಕ್ಕು ಮೂರು ವಾರಕ್ಕೂ ಮೀರಿ ಅಲ್ಲೇ ಉಳಿದರು. ಅವರಿಗೆ ಬಿಸಿಯೂಟ ಹೊತ್ತು ತಂದವರು ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ಹೋರಾಟಗಾರರ ತಂಡವೊಂದು ಮಂತ್ರಿ ಜೋಸೆಫ್ ಕ್ಯಾಲಿಫಾನೋ ಅವರನ್ನು ಎದುರಿಸಲು ವಾಷಿಂಗ್ಟನ್ನಿಗೆ ಹೋಯಿತು. ದೇಶದ ರಾಜಧಾನಿಯಲ್ಲಿ ಗಾಲಿಕುರ್ಚಿಗಳು ಏರಬಹುದಾದ ವಾಹನವಿರಲಿಲ್ಲ. ಯಂತ್ರಕಾರ್ಮಿಕರ ಸಂಘ ಸರಕು ಸಾಗಿಸುವ ಟ್ರಕ್ಕೊಂದನ್ನು ಬಾಡಿಗೆಗೆ ತಂದಿತು. ಕಿಟಕಿಯಿಲ್ಲದ ಆ ಕತ್ತಲ ಪೆಟ್ಟಿಗೆಯೊಳಗೆ, ತಿರುವಿನಲ್ಲೆಲ್ಲ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ಅವರು ನಗರ ಸುತ್ತಿದರು. ಏಪ್ರಿಲ್ 28ರಂದು ಸಹಿ ಬಿತ್ತು. 1990ರ ಅಂಗವಿಕಲರ ಕಾಯ್ದೆಗೆ ದಾರಿಯಾದದ್ದು ಆ ಸಹಿ. ಇಂದು ಬಸ್ಸುಗಳಲ್ಲಿ ರ‍್ಯಾಂಪು ಇದ್ದರೆ, ವಾಹನ ನಿಲ್ದಾಣಗಳಲ್ಲಿ ಪಟ್ಟೆ ಬಳಿದ ಖಾಲಿ ಜಾಗ ಇದ್ದರೆ, ಅದರ ಹಿಂದೆ ಆ ಟ್ರಕ್ಕಿನ ಕತ್ತಲೆ ಇದೆ. ಆ ಪಟ್ಟೆಯ ಜಾಗ ಇರುವುದು ರ‍್ಯಾಂಪು ಚಾಚಲಿಕ್ಕೆ. 'ಎರಡೇ ನಿಮಿಷ' ಎಂದು ಅಲ್ಲಿ ಕಾರು ನಿಲ್ಲಿಸುವವರಲ್ಲಿ ನಮ್ಮವರೂ ಇದ್ದಾರೆ.

ಆ ಕಾಯ್ದೆ ಸಾರ್ವಜನಿಕ ವಾಹನಕ್ಕೆ ಅನ್ವಯಿಸುತ್ತದೆ, ಖಾಸಗಿ ವಾಹನವನ್ನು ಕುಟುಂಬದ ಕಿಸೆಗೆ ಬಿಟ್ಟಿದೆ. ನಮ್ಮ ಎಡಪಂಥೀಯ ಗೆಳೆಯರು ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಎತ್ತುತ್ತಾರೆ. ಪ್ರತಿ ಮನೆಗೂ ಒಂದು ವ್ಯಾನು ಎಂಬುದು ಪ್ರಗತಿಪರ ಬೇಡಿಕೆಯೇ? ಒಳ್ಳೆಯ ಬಸ್ಸು, ರೈಲು ಕೇಳಬೇಕಲ್ಲವೇ? ಕೇಳಲೇಬೇಕು. 1972ರಲ್ಲಿ ಓಡಲಾರಂಭಿಸಿದ ಬಾರ್ಟ್ ರೈಲಿನ ನಿಲ್ದಾಣಗಳಲ್ಲಿ ಲಿಫ್ಟುಗಳು ಇರುವುದೇ ಗಾಲಿಕುರ್ಚಿ ಬಳಸುತ್ತಿದ್ದ ಹೆರಾಲ್ಡ್ ವಿಲ್ಸನ್ ಅವರ ಪಟ್ಟುಬಿಡದ ಒತ್ತಾಯದಿಂದ. ಆದರೆ ಲಿಫ್ಟು ಕೆಟ್ಟ ದಿನ ಪ್ರಯಾಣವೇ ಇಲ್ಲ. ಮನೆಯ ಬಾಗಿಲಿಗೆ ಬರುವ ಸಾರ್ವಜನಿಕ ವ್ಯಾನನ್ನು ಹಿಂದಿನ ದಿನವೇ ಕಾದಿರಿಸಬೇಕು. ನಾಳೆ ಗೆಳತಿಯ ನೆನಪಾಗುತ್ತದೆಂದು ಇಂದೇ ತಿಳಿದಿರಬೇಕು. ಬಸ್ಸೋ ವ್ಯಾನೋ ಎಂದು ಒಂದನ್ನು ಆರಿಸಿಕೊಳ್ಳುವಂತೆ ಕಾಲುಳ್ಳವರನ್ನು ನಾವು ಎಂದೂ ಕೇಳಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ವಿದ್ಯುತ್ ಕಾರುಗಳ ತಳವೇ ಬ್ಯಾಟರಿ. ಅದನ್ನು ಹಳೆಯ ಮಿನಿವ್ಯಾನಿನಂತೆ ಕತ್ತರಿಸಿ ಇಳಿಸುವುದು ಸುಲಭವಲ್ಲ. ಅಂಥ ಕಾರುಗಳ ಕಾರ್ಖಾನೆಯೊಂದು ಇರುವ ನಮ್ಮ ಊರಿನಲ್ಲೇ, ಹಸಿರು ಭವಿಷ್ಯದ ನಕ್ಷೆಯನ್ನು ಬರೆಯುವಾಗ ಗಾಲಿಕುರ್ಚಿಗೆ ಜಾಗ ಎಲ್ಲಿ ಎಂದು ಕೇಳುವ ದನಿಗಳು ತೀರ ಕಡಿಮೆ.

ನಮ್ಮ ತಾಯ್ನಾಡಿನ ಕಾಯ್ದೆಪುಸ್ತಕ ಈ ವಿಷಯದಲ್ಲಿ ಅಮೆರಿಕಕ್ಕಿಂತ ಒಂದು ಹೆಜ್ಜೆ ಮುಂದಿದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್, ಕೈಗೆಟುಕುವ ವೆಚ್ಚದಲ್ಲಿ ವೈಯಕ್ತಿಕ ಓಡಾಟಕ್ಕೆ ಸರ್ಕಾರವೇ ಯೋಜನೆಗಳನ್ನು ರೂಪಿಸಬೇಕೆನ್ನುತ್ತದೆ. ವಾಹನಗಳ ಪರಿವರ್ತನೆಯನ್ನು ಹೆಸರಿಸಿಯೇ ಹೇಳುತ್ತದೆ. ಕರ್ನಾಟಕ ಸರ್ಕಾರ ಹೆಚ್ಚುವರಿ ಚಕ್ರಗಳ ಸ್ಕೂಟರುಗಳನ್ನು ಹಂಚುತ್ತ ಬಂದಿರುವುದು ಒಳ್ಳೆಯದೇ. ಆದರೆ ಆ ಸ್ಕೂಟರು ಏರಬೇಕಾದರೆ ಗಾಲಿಕುರ್ಚಿಯನ್ನು ಬಿಟ್ಟು ಹೋಗಬೇಕು. ಕುರ್ಚಿಯಿಂದ ಏಳಲಾರದವರು ಇಂದಿಗೂ ಯಾರದೋ ತೋಳನ್ನು ಕಾಯುತ್ತಾರೆ. ಅನುಕೂಲಸ್ಥರ ಮನೆಗಳಲ್ಲಿ ಆ ತೋಳು ಬಹುತೇಕ ಕಡಿಮೆ ಕೂಲಿಯ ಕೆಲಸದವರದು, ಅವರ ಸೊಂಟ ಹಿಡಿದಾಗ ಕೇಳುವವರಿಲ್ಲ. 2015ರ ಕೊನೆಯಲ್ಲಿ ಪ್ರಧಾನಿಗಳು 'ದಿವ್ಯಾಂಗ' ಎಂಬ ಪದ ಸೂಚಿಸಿದರು, ಮರುವರ್ಷ ಇಲಾಖೆಯ ಹಿಂದಿ ಹೆಸರೇ ಬದಲಾಯಿತು. ಹೆಸರು ಬದಲಿಸಲು ಬೆಸುಗೆಯ ಖರ್ಚಿಲ್ಲ.

ಹಾಗಾದರೆ ನಾವು, ಇಲ್ಲಿರುವ ಕನ್ನಡಿಗರು, ಮಾಡಬಹುದಾದದ್ದೇನು? ಮೆಡಿಕೇರಿನ 'ಮನೆಯೊಳಗೆ' ಎಂಬ ನಿಯಮವನ್ನು ತೆಗೆದುಹಾಕುವಂತೆ ನಮ್ಮ ಪ್ರತಿನಿಧಿಗಳಿಗೆ ಬರೆಯಬಹುದು. ಮತದಾನದ ಹಕ್ಕು ಪಡೆದವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಊರಿನ ಸರ್ಕಾರವನ್ನು 41ನೇ ಸೆಕ್ಷನ್ ಏನಾಯಿತೆಂದು ಕೇಳಬಹುದು. ಅದಕ್ಕೂ ಮೊದಲು, ಬೇ ಏರಿಯಾದ ಕನ್ನಡ ಸಂಘಟನೆಗಳು ಸೇರಿ ಪರಿವರ್ತಿಸಿದ ವ್ಯಾನೊಂದನ್ನು ಸಾಮೂಹಿಕವಾಗಿ ಇಟ್ಟುಕೊಳ್ಳಬಹುದು. ವಿಮೆಯ ತೊಡಕಿದೆ, ಪಟ್ಟಿ ಬಿಗಿಯುವುದನ್ನು ಕಲಿತ ಚಾಲಕರು ಬೇಕು, ನಿಜ. ಆದರೆ ತಾರೆಯರನ್ನು ಸಾಗರದಾಚೆಯಿಂದ ಕರೆಸಿ ಕುಣಿಸಬಲ್ಲ ಸಮುದಾಯಕ್ಕೆ, ಹತ್ತು ಮೈಲಿ ದೂರದ ಮನೆಯಿಂದ ಒಬ್ಬ ಅಜ್ಜಿಯನ್ನು ಕರೆತರುವುದು ಅಸಾಧ್ಯವಾಗಬಾರದು. ಸಭಾಂಗಣ ಗೊತ್ತುಮಾಡುವಾಗ ವೇದಿಕೆಗೆ ರ‍್ಯಾಂಪು ಇದೆಯೇ ಎಂದು ಕೇಳುವುದಕ್ಕಂತೂ ಖರ್ಚೇ ಇಲ್ಲ.

ಇದನ್ನು ನಾನು ದೂರದಿಂದ ಹೇಳುತ್ತಿಲ್ಲ. ಕಳೆದ ನವೆಂಬರಿನಲ್ಲಿ ಅಮ್ಮನನ್ನು ರಾಜ್ಯೋತ್ಸವದಲ್ಲಿ ಕವಿತೆ ಓದಲು ಕರೆದಿದ್ದರು. ಪ್ರೀತಿಯಿಂದಲೇ ಕರೆದಿದ್ದರು. ವ್ಯಾನಿನಿಂದ ತಾವೇ ಇಳಿದು, ಸಭಾಂಗಣದ ಒಳಗೂ ತಾವೇ ಹೋದ ಅಮ್ಮ ವೇದಿಕೆಯ ಐದು ಮೆಟ್ಟಿಲುಗಳ ಎದುರು ನಿಂತರು. ನಾಲ್ಕು ಮಂದಿ ಯುವಕರು ಉತ್ಸಾಹದಿಂದ ಓಡಿಬಂದು ಕುರ್ಚಿಗೆ ಕೈ ಹಾಕಿದರು. ಅಮ್ಮ ಬೇಡವೆಂದು ಕೈ ಅಲ್ಲಾಡಿಸಿ, ಮೈಕನ್ನು ಕೆಳಗೆ ತರಿಸಿಕೊಂಡು, ಅಲ್ಲಿಂದಲೇ ಓದಿದರು. ಹಿಂದಿನ ಸಾಲಿನವರಿಗೆ ಅವರು ಕಾಣಿಸಲಿಲ್ಲ. ಈ ವರ್ಷವೂ ಕರೆ ಬಂದಿದೆ. ಮೆಟ್ಟಿಲುಗಳ ವಿಷಯ ಏನಾಯಿತೆಂದು ಅಮ್ಮ ಮರುಪತ್ರ ಬರೆದಿದ್ದಾರೆ. ಉತ್ತರಕ್ಕಾಗಿ ಕಾಯುತ್ತಿದ್ದೇವೆ.