14 ದಿನದ ನೋಟಿಸ್ ಎಲ್ಲಿ?



ಗಿಗ್ ಕಾರ್ಮಿಕರಿಗೆ ದೇಶಕ್ಕೇ ಮಾದರಿಯಾಗುವ ಕಾಯ್ದೆ ತಂದಿದ್ದೇವೆ ಎಂದು ರಾಜ್ಯ ಸರ್ಕಾರ ಹೇಳಿಕೊಳ್ಳುತ್ತಲೇ ಇದೆ. ಆ ಕಾಯ್ದೆ ಆ್ಯಪ್‌ಗಾಗಿ ಊಟ ತಲುಪಿಸುವ ನಮ್ಮ ಬೀದಿಯ ಹುಡುಗನ ಪಾಲಿಗೆ ಇದ್ದೂ ಇಲ್ಲದಂತಾಗಿದೆ. ಊಟದ ಪೊಟ್ಟಣ ಕೈಗೆ ಬಂದಿಲ್ಲವೆಂದು ಯಾರೋ ಗ್ರಾಹಕರು ದೂರಿದರಂತೆ. ಸಂಜೆಯೊಳಗೆ ಅವನ ಐಡಿ ಬ್ಲಾಕ್! ಏನಾಯಿತೆಂದು ಒಂದು ಮಾತು ಕೇಳಲಿಲ್ಲ. ಆ್ಯಪ್‌ನಲ್ಲಿ ಎಷ್ಟು ಬರೆದರೂ ಅದೇ ಸಿದ್ಧ ಉತ್ತರ. ಬೈಕಿನ ಕಂತು, ಮನೆ ಬಾಡಿಗೆ ಎರಡೂ ಅವನ ತಲೆಯ ಮೇಲಿವೆ.

2025ರ ಕಾಯ್ದೆ ಹೇಳುವುದೇನು? ಕೆಲಸದಿಂದ ತೆಗೆಯಬೇಕಾದರೆ ಲಿಖಿತ ಕಾರಣ ಕೊಡಬೇಕು, 14 ದಿನ ಮೊದಲು ನೋಟಿಸ್ ಕೊಡಬೇಕು. ಯಾರಿಗಾದರೂ ದೈಹಿಕ ಹಾನಿ ಮಾಡಿದ್ದರೆ ಮಾತ್ರ ನೋಟಿಸ್ ಬೇಕಿಲ್ಲ; ಈ ಹುಡುಗ ಯಾರ ಮೈಮೇಲೂ ಕೈ ಮಾಡಿದವನಲ್ಲ. ಹಾಗಿದ್ದರೆ ಅವನ ನೋಟಿಸ್ ಎಲ್ಲಿ? ನಾನು ಬಸ್ ಕಂಡಕ್ಟರ್ ಆಗಿ ದುಡಿದವನು. ಟಿಕೆಟ್ ವಿಚಾರದಲ್ಲಿ ಆರೋಪ ಬಂದರೆ ನಮಗೆ ಮೆಮೊ ಬರುತ್ತಿತ್ತು, ಉತ್ತರಕ್ಕೆ ಸಮಯವಿತ್ತು, ವಿಚಾರಣೆಗೆ ಯೂನಿಯನ್ ಮುಖಂಡರು ಜೊತೆಗೆ ಬರುತ್ತಿದ್ದರು. ಅದನ್ನು ನಮಗೆ ಯಾರೂ ದಾನ ಕೊಟ್ಟಿರಲಿಲ್ಲ, ಮುಷ್ಕರ ಮಾಡಿ ಪಡೆದಿದ್ದೆವು. ಮಳೆ ಬಿಸಿಲೆನ್ನದೆ ಬೆಂಗಳೂರಿನ ಮನೆಮನೆಗೂ ಊಟ ಮುಟ್ಟಿಸುವವರಿಗೆ ಅಷ್ಟೂ ಇಲ್ಲವೆಂದರೆ ಈ ಊರಿಗೇ ಅವಮಾನ.

ಇನ್ನೊಂದು ಮಾತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಒಳ್ಳೆಯದೇ. ಆದರೆ ಕಾರ್ಮಿಕನಿಗೆ ಕೊಡುವ ಆ ಹಣವೇ ಇಷ್ಟಕ್ಕಿಂತ ಕಡಿಮೆ ಇರಬಾರದು ಎಂಬ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯಂತೂ ಇವರನ್ನು ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಹೊರಗೇ ನಿಲ್ಲಿಸಿದೆ. ರಾಜ್ಯದ ಕಾಯ್ದೆಯಡಿಯ ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರ ಪರವಾಗಿ ಕೂರುವವರನ್ನೂ ಸರ್ಕಾರವೇ ನೇಮಿಸುತ್ತದೆ. ಯೂನಿಯನ್‌ಗಳು ಆರಿಸಿ ಕಳಿಸಿದವರು ಬೇಡವೇ? ಹೌದು, ಈ ಕಾಯ್ದೆಗಾಗಿ ಆ್ಯಪ್ ಕಾರ್ಮಿಕರ ಸಂಘಟನೆಗಳು ಬೀದಿಗಿಳಿದಿದ್ದವು. ಆದರೆ ಮೇ ದಿನದಂದು ಬಾವುಟ ಹಿಡಿದು ಮೆರವಣಿಗೆ ಹೊರಡುವ ನಮ್ಮ ಹಳೆಯ ದೊಡ್ಡ ಯೂನಿಯನ್‌ಗಳು ಐಡಿ ಕಳೆದುಕೊಂಡ ಹುಡುಗನ ಮನೆ ಬಾಗಿಲಿಗೂ ಬರಬೇಕು. ನಮ್ಮ ಬೀದಿಗೆ ಈವರೆಗೆ ಯಾರೂ ಬಂದಿಲ್ಲ.

ನೋಟಿಸ್ ಇಲ್ಲದೆ ಬ್ಲಾಕ್ ಮಾಡಿದ ಐಡಿಗಳ ಲೆಕ್ಕವನ್ನು ಕಾರ್ಮಿಕ ಸಚಿವರು ಪ್ರತಿ ಕಂಪನಿಯಿಂದಲೂ ತರಿಸಿಕೊಂಡು ಪತ್ರಿಕೆಗಳಲ್ಲಿ ಪ್ರಕಟಿಸಲಿ. ತಪ್ಪಿದ ಕಂಪನಿಗೆ ದಂಡ ಹಾಕಿ, ವಿಚಾರಣೆ ಮುಗಿಯುವವರೆಗೆ ಆ ಹುಡುಗರನ್ನು ಮತ್ತೆ ಕೆಲಸಕ್ಕೆ ಹಚ್ಚಲಿ.

– ನಿವೃತ್ತ ಬಸ್ ನಿರ್ವಾಹಕ, ವಿಜಯನಗರ, ಬೆಂಗಳೂರು