ಕೆಂಪು ಬಾಳೆಯ ಮೇಲಿನ ಅಪವಾದ

ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದರೆ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಹಣ್ಣು ಕೈಗೆತ್ತಿಕೊಂಡವರ ಬಾಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ‘ಶುಗರ್ ಇದ್ದೋರು ತಿನ್ಬೇಕೋ ಬ್ಯಾಡೋ?’ ಪ್ರಶ್ನೆಯೇನೋ ಸರಿ. ಆದರೆ ಸಕ್ಕರೆ ಕಾಯಿಲೆಯ ವಿಚಾರಣೆಗೆ ನಾವು ಸದಾ ಸಿಹಿಯನ್ನಷ್ಟೇ ಕಟಕಟೆಗೆ ಎಳೆಯುತ್ತೇವೆ. ಮೇದೋಜೀರಕ ಗ್ರಂಥಿ ತಾನೇ ತಯಾರಿಸುವ ಪ್ರೋಟೀನುಗಳ ಹೇಳಿಕೆ ಪಡೆಯುವುದಿಲ್ಲ.

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿಗೆ ಎರಡು ಕಸುಬು: ಕರುಳಿಗೆ ಜೀರ್ಣರಸ, ರಕ್ತಕ್ಕೆ ಇನ್ಸುಲಿನ್. ಜೋಳದ ರೊಟ್ಟಿಯ ಪಿಷ್ಟವನ್ನು ಅಮೈಲೇಸ್ ಒಡೆದರೆ, ತೊಗರಿಬೇಳೆಯ ಪ್ರೋಟೀನನ್ನು ಟ್ರಿಪ್ಸಿನ್ ಒಡೆಯುತ್ತದೆ. ಟ್ರಿಪ್ಸಿನ್‌ಗೆ ಬೇಳೆಯೂ ಒಂದೇ, ಹೆತ್ತ ಗ್ರಂಥಿಯೂ ಒಂದೇ. ಅದಕ್ಕೇ ಅದು ಟ್ರಿಪ್ಸಿನೋಜೆನ್ ಎಂಬ ನಿದ್ದೆಯ ರೂಪದಲ್ಲಿ ಹೊರಟು, ಸಣ್ಣ ಕರುಳು ತಲುಪಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ನಡುವೆಯೇ ಎಚ್ಚೆತ್ತರೆ ತಡೆಯಲು ಸ್ಪಿಂಕ್1 ಎಂಬ ಕಾವಲು ಪ್ರೋಟೀನ್ ಉಂಟು. ಮದ್ಯದಿಂದಲೋ ಪಿತ್ತಕೋಶದ ಕಲ್ಲಿನಿಂದಲೋ ಈ ಏರ್ಪಾಡು ಕೆಟ್ಟರೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಆ ಉರಿಯೂತ ಮರುಕಳಿಸುತ್ತ ಹೋದರೆ ಇನ್ಸುಲಿನ್ ಕೋಶಗಳೂ ನಶಿಸಿ ಮಧುಮೇಹ ಬರಬಹುದು. ದಕ್ಷಿಣ ಭಾರತದಲ್ಲಿ ಮದ್ಯ ಮುಟ್ಟದ ಎಳೆಯರ ಗ್ರಂಥಿಯಲ್ಲೂ ಕಲ್ಲು ಕಟ್ಟುವ ಒಂದು ಬಗೆಯಿದೆ. ಅಂಥ ಹಲವರಲ್ಲಿ ಸ್ಪಿಂಕ್1 ಜೀನಿನ ದೋಷವಿರುವುದನ್ನು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದರು.

ಹೆಚ್ಚು ಜನರನ್ನು ಕಾಡುವ ಎರಡನೇ ಬಗೆಯ ಮಧುಮೇಹದಲ್ಲಿ ಹಾನಿ ನೋವಿಲ್ಲದೆ ನಡೆಯುತ್ತದೆ. 51 ಅಮೈನೋ ಆಮ್ಲಗಳ ಇನ್ಸುಲಿನ್ ಜೊತೆಗೇ, ಅದನ್ನು ತಯಾರಿಸುವ ಬೀಟಾ ಕೋಶದಿಂದಲೇ, 37 ಅಮೈನೋ ಆಮ್ಲಗಳ ಅಮೈಲಿನ್ ಹೊರಬೀಳುತ್ತದೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವುದು ಅದರ ಒಂದು ಕೆಲಸ. ದೇಹ ಇನ್ಸುಲಿನ್‌ಗೆ ಮಣಿಯದಾದಾಗ ಕೋಶಗಳು ಎರಡನ್ನೂ ಮೈಮುರಿದು ಸುರಿಸುತ್ತವೆ. ಮಿಕ್ಕ ಅಮೈಲಿನ್ ಎಳೆಎಳೆಯಾಗಿ ಗಂಟುಕಟ್ಟಿ, ಹೆತ್ತ ಕೋಶಗಳಿಗೇ ಮುಳುವಾಗುತ್ತದೆ. ಮಧುಮೇಹಿಗಳ ಗ್ರಂಥಿಯಲ್ಲಿ ಗಾಜಿನಂಥ ಈ ಶೇಖರಣೆಯನ್ನು ಅಮೆರಿಕದ ಯೂಜೀನ್ ಓಪಿ 1901ರಲ್ಲೇ ಗಮನಿಸಿದ್ದರು. ಅದು ಯಾವ ಪ್ರೋಟೀನೆಂದು ಗೊತ್ತಾದದ್ದು 1980ರ ದಶಕದಲ್ಲಿ. ರೋಗ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆಂದು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ತೋರಿಸಿತು.

ಹಾಗೆಂದು ಬಾಳೆಹಣ್ಣಿಗೆ ಪೂರ್ತಿ ಖುಲಾಸೆಯಿಲ್ಲ. 100 ಗ್ರಾಂ ಹಣ್ಣಿನಲ್ಲಿ 20 ಗ್ರಾಂಗೂ ಮಿಕ್ಕಿ ಕಾರ್ಬೋಹೈಡ್ರೇಟ್ ಇರುತ್ತದೆ. ಶುಗರ್ ಇದ್ದವರು ಎಷ್ಟು ತಿನ್ನಬೇಕೆಂಬುದನ್ನು ಅವರ ರಕ್ತಪರೀಕ್ಷೆ ಹೇಳಬೇಕು. ಆದರೆ ಗ್ರಂಥಿಯ ಮೇಲಿನ ಹೊರೆ ಒಂದು ಹಣ್ಣಿನದಲ್ಲ, ಬೆಳೆದ ಬೊಜ್ಜಿನದು, ನಡೆಯದ ಕಾಲಿನದು, ತಡವಾದ ತಪಾಸಣೆಯದು. ಬೆನ್ನಿಗೆ ಹಾಯುವ ಹೊಟ್ಟೆನೋವು, ಎಣ್ಣೆಯಂಥ ಮಲ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರಂತೂ ಶುಗರ್ ಗುಳಿಗೆ ನುಂಗಿ ಸುಮ್ಮನಿರದೆ ಗ್ರಂಥಿಯನ್ನೇ ಪರೀಕ್ಷಿಸಿಕೊಳ್ಳಬೇಕು. ಬಾಳೆಹಣ್ಣು ಬಿಟ್ಟು ಬಾಟಲಿ ಹಿಡಿದವನ ಪಥ್ಯ ಪಥ್ಯವಲ್ಲ.